ಮೈನಸ್ 15ರಾಗ ಬ್ಯಾಟರಿ 60% ಇದ್ದದ್ದು ಸೀದಾ ಸೊನ್ನೆ: ಲಡಾಖ್‌ಗೆ ಹೋಗೋ ಮೊದ್ಲು ಏನ್ ಮಾಡ್ಬೇಕು?

ಮಾಗಡಿಕೆರೆ_ಹಕ್ಕಿ (ಶಿರಹಟ್ಟಿ)

ಎಲ್ಲಾರಿಗೂ ನಮಸ್ಕಾರ. ನನ್ನ ಹತ್ರ ಇರೋದು ಕ್ರಾಪ್ ಸೆನ್ಸರ್ (ಸಣ್ಣ ಸೆನ್ಸರಿನ) ಮಿರರ್‌ಲೆಸ್ ಕ್ಯಾಮೆರಾ, ದೂರದ್ದು ತೆಗಿಯೋ 150-600 ಎಂಎಂ ಲೆನ್ಸ್. ಬ್ಯಾಟರಿ 7.2 ವೋಲ್ಟ್, 1040 ಎಂಎಎಚ್: ಒಂದು ಕಂಪನಿದು, ಎರಡು ಲೋಕಲ್. ಡಿಸೆಂಬರಿನಾಗ ಉತ್ತರಾಖಂಡದ ಹಿಮದಾಗ ಬಂದ ತೊಂದ್ರೆ ಇವು:

1. 60% ತೋರಿಸ್ತಿದ್ದ ಬ್ಯಾಟರಿ ನಾಕು ಬರ್ಸ್ಟ್ (ಒಂದೇ ಸಮ ಸಾಲಾಗಿ ತೆಗಿಯೋ ಫೋಟೋ) ಹೊಡಿಯೋದ್ರಾಗ ಸೊನ್ನೆ. ರೂಮಿನಾಗ ಅದೇ ಬ್ಯಾಟರಿ 45% ತೋರಿಸ್ತು.
2. ಒಳಗ ಬಂದ ಕೂಡ್ಲೇ ಲೆನ್ಸ್ ತುಂಬ ಹಬೆ.
3. ಹಿಂದಿನ ಸ್ಕ್ರೀನಿನಾಗ ಚಿತ್ರ ಎಳಕೊಂಡು ಹೋದಂಗ ಕಾಣ್ತಿತ್ತು.

ಫೆಬ್ರವರಿಗೆ ಹಿಮಚಿರತೆ ಸಲುವಾಗಿ ಲಡಾಖ್ ಹೊಂಟೀನಿ. ಬ್ಯಾಟರಿ ಕೆಟ್ಟಾವೇನು? ಮೂರೂ ಹೊಸಾವು ತಗೋಬೇಕೋ?

ಸರ್ಕ್ಯೂಟ್_ಉಣಕಲ್ (ಹುಬ್ಬಳ್ಳಿ)

ಮಾಗಡಿ ಕೆರಿಗೆ ಬರೋ ಪಟ್ಟೆತಲೆ ಹೆಬ್ಬಾತು ಥಂಡಿ ತಪ್ಪಿಸ್ಕೊಂಡು ಆ ಕಡೆಯಿಂದ ಇಲ್ಲಿ ಬಂದು ಕುಂತಿರ್ತಾವ, ನೀವು ಅದೇ ಹೊತ್ತಿಗೆ ಅಲ್ಲಿಗೆ ಹೊಂಟೀರಿ! ಇರ್ಲಿ.

ಬ್ಯಾಟರಿ ಕೆಟ್ಟಿಲ್ಲ, ಖಾಲೀನೂ ಆಗಿರ್ಲಿಲ್ಲ. ಲಿಥಿಯಂ ಅಯಾನ್ ಸೆಲ್ ಒಳಗಿನ ಎಲೆಕ್ಟ್ರೋಲೈಟ್ ದ್ರವ ಥಂಡಿಗೆ ಮಂದ ಆಗಿ, ಅಯಾನುಗಳ ಓಡಾಟ ನಿಧಾನ ಆಗ್ತೈತಿ. ಅಂದ್ರ ಸೆಲ್ಲಿನ ಒಳರೋಧ ಏರ್ತೈತಿ. ಲೆಕ್ಕಕ್ಕ ಹಿಂಗ ಹಿಡೀರಿ: ಬರ್ಸ್ಟ್ ಹೊಡಿಯೋವಾಗ ಕ್ಯಾಮೆರಾ ಬಾಡಿ, ಲೆನ್ಸ್ ಮೋಟಾರ್ ಕೂಡಿ 1.5 ಆಂಪಿಯರ್ ಎಳಿತಾವ. ಇಲ್ಲಿ ಒಳರೋಧ 0.15 ಓಮ್ ಇದ್ರ ಇಳಿಯೋದು 0.2 ವೋಲ್ಟ್ ಅಷ್ಟ. ಅಲ್ಲಿ ಅದು 0.8 ಓಮ್ ಆದ್ರ 1.2 ವೋಲ್ಟ್ ಕುಸೀತೈತಿ. 7.6ರ ಬ್ಯಾಟರಿ ಕ್ಯಾಮೆರಾ ಕಣ್ಣಿಗೆ 6.4 ಆಗಿ ಕಾಣ್ತೈತಿ. ಕ್ಯಾಮೆರಾ ಅಳಿಯೋದು ವೋಲ್ಟೇಜನ್ನ, ಅದಕ್ಕ "ಖಾಲಿ" ಅಂತ ಬಂದ್ ಆಗ್ತೈತಿ. ಬೆಚ್ಚಗಾದ ಮ್ಯಾಲೆ ಉಳಿದ ಚಾರ್ಜ್ ತಿರುಗಿ ಸಿಗ್ತೈತಿ. ನಿಮ್ಮ 45% ಅದೇ.

ಹಳೇ ಸೆಲ್ಲಿಗೆ ಒಳರೋಧ ಮೊದ್ಲೇ ಜಾಸ್ತಿ. ಥಂಡಿಯೊಳಗ ಮೊದ್ಲು ಕೈ ಕೊಡೋದು ಅದೇ. ಮೂರಕ್ಕೂ ಟೇಪ್ ಹಚ್ಚಿ ನಂಬರ್ ಬರೀರಿ. ಫುಲ್ ಚಾರ್ಜ್ ಮಾಡಿ, ಒಂದೊಂದಾಗಿ ಹಾಕಿ, ಒಂದೇ ಸೆಟ್ಟಿಂಗಿನಾಗ ಬಂದ್ ಆಗೋತನಕ ವಿಡಿಯೋ ಓಡಿಸ್ರಿ. ಎಷ್ಟು ನಿಮಿಷ ಬಂತು ಬರಕೊಳ್ರಿ. ಎಲ್ಲಕ್ಕಿಂತ ಚಲೋದರ 70%ಕ್ಕಿಂತ ಕಡಿಮಿ ಓಡಿದ್ದನ್ನ ಮನಿಯಾಗ ಬಿಡ್ರಿ. ನಡುವೆ ಬಾಡಿ ಕಾದು ಬಂದ್ ಆದ್ರ ಆ ಲೆಕ್ಕ ಹಿಡೀಬ್ಯಾಡ್ರಿ.

ಸ್ಕ್ರೀನ್ ಬಗ್ಗೆ ಚಿಂತಿ ಬ್ಯಾಡ. ಎಲ್‌ಸಿಡಿ ಒಳಗಿನ ದ್ರವಸ್ಫಟಿಕ ಥಂಡಿಗೆ ಮಂದ ಆಗ್ತೈತಿ, ಬೆಚ್ಚಗಾದ್ರ ಸರಿ ಹೋಗ್ತೈತಿ. ಒಎಲ್ಇಡಿ ವ್ಯೂಫೈಂಡರ್ ಇದ್ರ ಅದರಾಗ ನೋಡ್ರಿ.

ಕಿಟ್‌ಲೆನ್ಸ್_ಗದಗ

ಹಂಗಾದ್ರ ಕ್ಯಾಮೆರಾನೂ ಜಾಕೆಟ್ ಒಳಗ ಇಟ್ಕೊಂಡ್ರ ಎರಡೂ ಬೆಚ್ಚಗಿರ್ತಾವಲ್ಲ?

ಹಾನಗಲ್_ಟೆಲಿ

ಬ್ಯಾಡ ಅಣ್ಣಾ. ಜಾಕೆಟ್ ಒಳಗ ಬೆವರಿನ ಹಬೆ ಇರ್ತದ. ಅದು ಲೆನ್ಸಿಗೆ ಕುಂತು, ಹೊರಗ ತೆಗೆದ ಕೂಡ್ಲೇ ಮಂಜುಗಡ್ಡೆ ಆಗ್ತದ. ಕ್ಯಾಮೆರಾ ದಿನಾ ಪೂರ್ತಿ ಥಂಡಿಯಲ್ಲೇ ಇರ್ಲಿ, ಬ್ಯಾಟರಿ ಅಷ್ಟೇ ಮೈಗೆ ಹತ್ತಿ ಇರ್ಲಿ. ಬಹಳಷ್ಟು ಬಾಡಿಗಳ ಕೈಪಿಡಿಯಲ್ಲಿ 0ರಿಂದ 40 ಡಿಗ್ರಿ ಅಂತ ಇರ್ತದ, ಕೆಲವಕ್ಕೆ ಮೈನಸ್ 10. ಅದರ ಕೆಳಗೂ ನಡೀತಾವ, ಕಂಪನಿ ಜವಾಬ್ದಾರಿ ತಗೊಳ್ಳಲ್ಲ ಅಷ್ಟೇ.

ಬ್ಯಾಟರಿ ಕಿಸೆ ಅಂದ್ರೆ ಜಾಕೆಟ್ಟಿನ ಹೊರಗಿನ ಕಿಸೆ ಅಲ್ಲ. ಥರ್ಮಲ್ ಮೇಲೆ ಹಾಕೋ ಅಂಗಿಯ ಎದೆ ಕಿಸೆ. ಬಲಕ್ಕೆ ಫುಲ್ ಇದ್ದದ್ದು, ಎಡಕ್ಕೆ ಒಮ್ಮೆ ಸೋತದ್ದು. ಎಡಗಡೆದು ಅರ್ಧ ತಾಸಿನ ಮೇಲೆ ತಿರುಗಿ ಹಾಕಿ ನೋಡ್ರಿ, ಇನ್ನೊಂದಿಷ್ಟು ಫೋಟೋ ಕೊಡ್ತದ. ಪ್ಲಾಸ್ಟಿಕ್ ಟೋಪಿ ಹಾಕಿಡ್ರಿ. ಕೀಲಿ, ಚಿಲ್ಲರೆ ತಾಗಿ ಶಾರ್ಟ್ ಆಗಬಾರದು. ಕಬ್ಬಿಣದ ಪುಡಿಯ ಹ್ಯಾಂಡ್ ವಾರ್ಮರ್ ನೇರ ಬ್ಯಾಟರಿಗೆ ತಾಗಿಸಬೇಡ್ರಿ, 50 ಡಿಗ್ರಿ ದಾಟಬಹುದು. ನಡುವೆ ಕಾಲುಚೀಲ ಇರ್ಲಿ. ಅದು ಗಾಳಿಯ ಆಮ್ಲಜನಕದಿಂದ ಕಾಯೋದು, ಎತ್ತರದಲ್ಲಿ ಕಾವು ಕಡಿಮಿ ಬರ್ತದ.

ಹಿಮಚಿರತೆ ಅಂದ್ರೆ ತಾಸುಗಟ್ಟಲೆ ಕಾಯೋದೇ ಕೆಲಸ. ವೈಫೈ, ಬ್ಲೂಟೂತ್, ಜಿಪಿಎಸ್ ಬಂದ್. ಫೋಟೋ ರಿವ್ಯೂ ಬಂದ್. ಅರ್ಧ ಒತ್ತದೇನೇ ಫೋಕಸ್ ಹುಡುಕೋ ಪ್ರಿ-ಎಎಫ್ ಬಂದ್. ದೂರದ ಇಳಿಜಾರು ನೋಡೋಕೆ ಬೈನಾಕ್ಯುಲರ್ ಇಟ್ಕೊಳ್ರಿ, ವ್ಯೂಫೈಂಡರಿನಲ್ಲಿ ಹುಡುಕ್ತಾ ಕುಂತ್ರೆ ಒಂದು ಬ್ಯಾಟರಿ ಅದಕ್ಕೇ ಹೋಗ್ತದ.

ಇನ್ನು ಹಬೆ. ಹೋಮ್‌ಸ್ಟೇ ಕೋಣೆ ಬುಖಾರಿ (ಕೋಣೆ ಕಾಯಿಸೋ ಒಲೆ) ಹಚ್ಚಿ 20 ಡಿಗ್ರಿ, ಆರ್ದ್ರತೆ 50% ಅಂದ್ಕೊಳ್ರಿ. ಅಲ್ಲಿ ಇಬ್ಬನಿ ಬಿಂದು ಸುಮಾರು 9 ಡಿಗ್ರಿ. 9ಕ್ಕಿಂತ ಥಂಡಿ ಇದ್ದ ವಸ್ತು ಯಾವುದೇ ಇರ್ಲಿ, ಅದರ ಮೇಲೆ ನೀರು ಕೂಡೋದೇ. ನಿಮ್ಮ ಲೆನ್ಸ್ ಮೈನಸ್ 15ರಲ್ಲಿ ಬಂದಿರ್ತದ. ಅದಕ್ಕೆ ಈ ಕೆಲಸ ಎಲ್ಲಾ ಬಾಗಿಲ ಹೊರಗೇ ಮುಗಿಸ್ಬೇಕು: ಬ್ಯಾಟರಿ, ಕಾರ್ಡ್ ತಗೀರಿ (ಒಳಗೆ ಹೋದ ಮೇಲೆ ತೆಗಿಯೋಕೆ ಕವರ್ ಬಿಚ್ಚಬೇಕಾಗ್ತದ, ಎಲ್ಲಾರೂ ಎಡವೋದು ಇಲ್ಲೇ). ಕ್ಯಾಮೆರಾ, ಲೆನ್ಸ್ ದೊಡ್ಡ ಜಿಪ್‌ಲಾಕ್ ಕವರಿನಲ್ಲಿ ಹಾಕಿ, ಗಾಳಿ ಒತ್ತಿ ತೆಗೆದು ಮುಚ್ಚಿ, ಬ್ಯಾಗಿನಲ್ಲಿಟ್ಟು ಬುಖಾರಿಯಿಂದ ದೂರದ ಮೂಲೆಗೆ ಇಡ್ರಿ. ನೀರು ಕವರಿನ ಹೊರಗೆ ಕೂಡ್ತದ. 150-600ಕ್ಕೆ ಮೂರು ತಾಸು ಬಿಡ್ರಿ, ಗಾಜು ಜಾಸ್ತಿ ಇರೋದಕ್ಕೆ ಬೇಗ ಕಾಯಲ್ಲ.

ಆಗ್ಲೇ ಹಬೆ ಬಂದಿದ್ರೆ ಆಫ್ ಮಾಡಿ, ಬ್ಯಾಟರಿ ತೆಗೆದು ಸುಮ್ಮನೆ ಬಿಡ್ರಿ. ಲೆನ್ಸ್ ಬಿಚ್ಚಬೇಡ್ರಿ, ಹೇರ್ ಡ್ರೈಯರ್ ಬೇಡ, ಅಕ್ಕಿ ಡಬ್ಬಿ ಬೇಡವೇ ಬೇಡ, ಅದರ ಹುಡಿ ಲೆನ್ಸ್ ಕೂಡೋ ಮೌಂಟಿಗೆ ಹೋಗ್ತದ. ಒಣಗದೇ ತಿರುಗಿ ಹೊರಗೆ ಒಯ್ದ್ರೆ ಒಳಗಿನ ನೀರು ಹೆಪ್ಪುಗಟ್ತದ.

ಮಾಗಡಿಕೆರೆ_ಹಕ್ಕಿ

ಭಾಳ ಉಪಕಾರ ಆತ್ರಿ. ರಾತ್ರಿ ಪವರ್‌ಬ್ಯಾಂಕಿಂದ ಚಾರ್ಜ್ ಮಾಡಬಹುದಾ? ಮತ್ತ ಇಲ್ಲೇ ಫ್ರಿಜ್ಜಿನ ಫ್ರೀಜರಿನಾಗ ಇಟ್ಟು ಟೆಸ್ಟ್ ಮಾಡ್ರಿ ಅಂತ ಒಬ್ರು ಅಂದ್ರು.

ಸರ್ಕ್ಯೂಟ್_ಉಣಕಲ್ (ಹುಬ್ಬಳ್ಳಿ)

ಚಾರ್ಜ್ ಮಾಡ್ರಿ, ಆದ್ರ ತಣ್ಣಗಿದ್ದ ಬ್ಯಾಟರಿ ಚಾರ್ಜಿಗೆ ಹಚ್ಚಬ್ಯಾಡ್ರಿ. ಸೊನ್ನೆಗಿಂತ ಕೆಳಗ ಚಾರ್ಜ್ ಮಾಡಿದ್ರ ಲಿಥಿಯಂ ಗ್ರಾಫೈಟಿನ ಒಳಗ ಹೋಗೋದು ಬಿಟ್ಟು ಅದರ ಮ್ಯಾಲೇ ಲೋಹ ಆಗಿ ಕೂಡ್ತೈತಿ. ಆ ಕೆಪಾಸಿಟಿ ತಿರುಗಿ ಬರಂಗಿಲ್ಲ, ಒಳಗ ಶಾರ್ಟ್ ಆಗೋ ಅಪಾಯನೂ ಐತಿ. ಥಂಡಿಯೊಳಗ ಬಳಸೋದ್ರಿಂದ ಬ್ಯಾಟರಿ ಸೋಲ್ತೈತಿ ಅಷ್ಟ. ಥಂಡಿಯೊಳಗ ಚಾರ್ಜ್ ಮಾಡಿದ್ರ ಕೆಡ್ತೈತಿ. ಕೋಣೆಯೊಳಗ ಒಂದು ತಾಸು ಇಟ್ಟು ಆಮೇಲೆ ಹಚ್ರಿ.

20000 ಎಂಎಎಚ್ ಪವರ್‌ಬ್ಯಾಂಕ್ ಅಂದ್ರ 3.7ರಿಂದ ಗುಣಿಸಿ 74 ವ್ಯಾಟ್-ಅವರ್. ನಿಮ್ಮ ಬ್ಯಾಟರಿ 7.5. ನಷ್ಟ ಕಳದ್ರ ಆರು ಸಲ ಫುಲ್ ಆಗ್ತೈತಿ. ಅದೂ ಲಿಥಿಯಮ್ಮೇ, ಅದಕ್ಕ ರಾತ್ರಿ ಹಾಸಿಗ್ಯಾಗ ಇಟ್ಕೊಳ್ರಿ. ವಿಮಾನಕ್ಕ ಪವರ್‌ಬ್ಯಾಂಕ್, ಬಿಡಿ ಬ್ಯಾಟರಿ ಎಲ್ಲಾ ಕೈಚೀಲದಾಗೇ. ಹುಬ್ಬಳ್ಳಿ ಏರ್‌ಪೋರ್ಟಿನಾಗ ಲಗೇಜ್ ಕೊಡೋ ಮೊದ್ಲು ಒಮ್ಮೆ ತಡಕಿ ನೋಡ್ರಿ.

ಫ್ರೀಜರ್ ಟೆಸ್ಟ್ ನನಗ ಸೇರಂಗಿಲ್ಲ. ಹೊರಗ ತೆಗೆದ ಕೂಡ್ಲೇ ಟರ್ಮಿನಲ್ಲಿಗೆ ನೀರು ಕೂಡ್ತೈತಿ, ಅದನ್ನ ಹಂಗ ಬಾಡಿಗೆ ಹಾಕೋದು. ವಿಡಿಯೋ ಟೆಸ್ಟ್ ಸಾಕು.

ಕಿಟ್‌ಲೆನ್ಸ್_ಗದಗ

ಫ್ಲ್ಯಾಶಿನ ಡಬಲ್-ಎ ಸೆಲ್?

ಹಾನಗಲ್_ಟೆಲಿ

ಅಲ್ಕಲೈನ್ ಬೇಡ, ನೀರಿನ ಎಲೆಕ್ಟ್ರೋಲೈಟ್, ಬೇಗ ಮಲಗ್ತದ. ರೀಚಾರ್ಜ್ ಆಗದ 1.5 ವೋಲ್ಟ್ ಲಿಥಿಯಂ ಡಬಲ್-ಎ ಮೈನಸ್ 40ರತನಕ ನಡೀತದ. ಟ್ರೈಪಾಡ್ ಅಲ್ಯೂಮಿನಿಯಂದು ಇದ್ರೆ ತಣ್ಣಗಿನ ಲೋಹ ಕೈಗೆ ತಾಗದ ಹಂಗೆ ಅದರ ಕಾಲಿಗೆ ಸೈಕಲ್ ಹ್ಯಾಂಡಲ್ ಟೇಪ್ ಸುತ್ಕೊಳ್ರಿ.

ಮಾಗಡಿಕೆರೆ_ಹಕ್ಕಿ

ವಿಡಿಯೋ ಟೆಸ್ಟ್ ಆತು. ಕಂಪನಿದು, ಲೋಕಲ್ ಒಂದನೇದು ಹೆಚ್ಚುಕಡಿಮಿ ಸಮ. ಲೋಕಲ್ ಎರಡನೇದು ಅರ್ಧಕ್ಕ ನಿಂತೈತಿ. ಬಾಡಿಯಿಂದ ಹೊರಗ ಬರೋವಾಗ ಸ್ವಲ್ಪ ಬಿಗಿ ಆಗ್ತೈತಿ.

ಸರ್ಕ್ಯೂಟ್_ಉಣಕಲ್ (ಹುಬ್ಬಳ್ಳಿ)

ಬಿಗಿ ಅಂದ್ರ ಉಬ್ಬೈತಿ. ಗಾಜಿನ ಮ್ಯಾಲೆ ಮಲಗಿಸಿ ಬಟ್ಟಿನಿಂದ ತಿರುಗಿಸ್ರಿ, ಬುಗುರಿಯಂಗ ತಿರುಗಿದ್ರ ಖಾತ್ರಿ. ಇನ್ನ ಅದನ್ನ ಚಾರ್ಜಿಗೆ ಹಚ್ಚಬ್ಯಾಡ್ರಿ, ಚುಚ್ಚಬ್ಯಾಡ್ರಿ. ಟರ್ಮಿನಲ್ಲಿಗೆ ಟೇಪ್ ಹಚ್ಚಿ ಇ-ತ್ಯಾಜ್ಯ ತಗೊಳ್ಳೋರಿಗೆ ಕೊಡ್ರಿ, ಕಸದ ಗಾಡಿಗೆ ಹಾಕಬ್ಯಾಡ್ರಿ. ಅದರ ಬದ್ಲಿಗೆ ಕಂಪನಿದು ಎರಡು ತಗೊಂಡ್ರ ನಾಕಾಗ್ತಾವ, ಒಂದು ದಿನಕ್ಕ ಅಷ್ಟು ಬೇಕು.