ತೆಂಗಿನಕಾಯಿ ಅಟ್ಟಕ್ಕೆ 14 ಅಡಿ ಜಂತೆ ತಡೆಯುತ್ತಾ?

ಪ್ರಶ್ನೆ: ತಿಪಟೂರು ಹತ್ತಿರ ನಮ್ಮದು ಅಜ್ಜನ ಕಾಲದ ಮನೆ. ಹಿಂದಿನ ಕೋಣೆ 14 ಅಡಿ ಅಗಲ, 20 ಅಡಿ ಉದ್ದ. ಗೋಡೆಯಿಂದ ಗೋಡೆಗೆ 3x6 ಇಂಚಿನ ಜಂತೆ, ಒಂದೂವರೆ ಅಡಿಗೊಂದು. ಮೇಲೆ ಸಂದು ಬಿಟ್ಟು ದಬ್ಬೆ ಹೊಡೆದಿದ್ದಾರೆ. ಇಷ್ಟು ದಿನ ಹಳೇ ಸಾಮಾನು ಇತ್ತು. ಈ ಸಲ ಕೊಬ್ಬರಿಗೆ ಕಾಯಿ ತುಂಬಬೇಕು, 3 ಅಡಿ ಎತ್ತರಕ್ಕೆ. ತಡೆಯುತ್ತಾ ಸರ್?

ಉತ್ತರ (ಸ್ಟ್ರಕ್ಚರಲ್ ಎಂಜಿನಿಯರ್, ತುಮಕೂರು): ಈಗಿರುವ ಹಾಗೇ ತುಂಬಬೇಡಿ.

ಮೊದಲು ಭಾರ ನೋಡೋಣ. ಸಿಪ್ಪೆ ಸಮೇತ ಹಸಿ ಕಾಯಿ ಸುಮಾರು 1.1 ಕೆಜಿ ಅಂತ ಹಿಡಿಯಿರಿ. 3 ಅಡಿ ಎತ್ತರಕ್ಕೆ ತುಂಬಿದರೆ ಚದರಡಿಗೆ 20 ಕಾಯಿ, ಅಂದರೆ 22 ಕೆಜಿ. ಜನ ಓಡಾಡುವ ಮನೆಯ ಮಹಡಿಗೆ ನಾವು ಹಿಡಿಯೋದೇ 18-19 ಕೆಜಿ! ಜಂತೆ, ದಬ್ಬೆಯ ತೂಕ ಚದರಡಿಗೆ 3 ಕೆಜಿ ಸೇರಿಸಿದರೆ ಕೋಣೆಗೆಲ್ಲ 7 ಟನ್. ಅದೂ ಒಂದು ದಿನದ ಮಾತಲ್ಲ, 8-10 ತಿಂಗಳು. ಕಾಯಿಯ ನೀರು ಇಂಗಿದ ಹಾಗೆ ತೂಕ ಇಳಿಯುತ್ತೆ ನಿಜ, ಆದರೆ ತುಂಬಿದ ದಿನವೇ ಪೂರ್ತಿ ಭಾರ ಬೀಳುತ್ತೆ.

ಇಷ್ಟಕ್ಕೆ ನಿಮ್ಮ ಜಂತೆ ನಡುವಲ್ಲಿ 3 ಸೆಂ.ಮೀ.ಗೂ ಜಾಸ್ತಿ ಬಾಗುತ್ತೆ. 14 ಅಡಿಗೆ 1.8 ಸೆಂ.ಮೀ. ದಾಟಬಾರದು (ಉದ್ದದ 240ನೇ ಒಂದು ಭಾಗ). ತಿಂಗಳುಗಟ್ಟಲೆ ಭಾರ ಹೊತ್ತ ಮರ ದಿನ ಕಳೆದಂತೆ ಇನ್ನೂ ಜಗ್ಗುತ್ತೆ, ಎರಡರಷ್ಟಾದರೂ ಆಶ್ಚರ್ಯ ಇಲ್ಲ. ಇದೇ ಜಂತೆ 10 ಅಡಿ ಕೋಣೆಗೆ ಇದ್ದಿದ್ದರೆ ಮುಕ್ಕಾಲು ಚಿಂತೆ ಇರಲಿಲ್ಲ.

ಜಂತೆ ಬದಲಿಸುವ ಖರ್ಚು ಸುಮ್ನೆ ದಂಡ. ನಡುವೆ ಉದ್ದಕ್ಕೆ ಒಂದು 4x8 ತೊಲೆ ಕೊಡಿ, ಅದಕ್ಕೆ 5 ಅಡಿಗೊಂದು ಕಂಬ. ಜಂತೆಗೆ 7 ಅಡಿ ಅಷ್ಟೇ ಉಳಿಯುತ್ತೆ. ಅಂತರ ಅರ್ಧ ಆದರೆ ಬಾಗುವುದು 16ನೇ ಒಂದು ಭಾಗಕ್ಕೆ ಇಳಿಯುತ್ತೆ, ಅಂದರೆ ಬರೀ 2 ಮಿ.ಮೀ. ಆದರೆ ಒಂದೊಂದು ಕಂಬದ ಮೇಲೂ ಟನ್‌ಗಿಂತ ಜಾಸ್ತಿ ಬೀಳುತ್ತೆ. ಬರೀ ಸಗಣಿ ಸಾರಿಸಿದ ನೆಲದ ಮೇಲೆ ನಿಲ್ಲಿಸಬೇಡಿ. ಗಟ್ಟಿ ಮಣ್ಣು ಸಿಗುವವರೆಗೆ ಅಗೆದು ಚಪ್ಪಡಿ ಕಲ್ಲು ಹಾಕಿ. ಅಟ್ಟ ಖಾಲಿ ಇದ್ದಾಗಲೇ ಕಂಬ ಬಿಗಿಯಾಗಬೇಕು.

ಪ್ರಶ್ನೆ: ಥ್ಯಾಂಕ್ಸ್ ಸರ್. ತೊಲೆಗೆ ನಮ್ಮ ತೋಟದ್ದೇ ತೆಂಗಿನ ಮರ ಆಗುತ್ತಾ? ಹಳೇ ಮರ ಒಂದಿದೆ.

ಉತ್ತರ: ಹಳೇ ಮರ ಆದರೆ ಆಗುತ್ತೆ, ಬುಡದ ಭಾಗದ್ದು. ತೆಂಗಿನಲ್ಲಿ ಗಟ್ಟಿ ಇರೋದು ಹೊರಗಿನ ಸುತ್ತು. ತಿರುಳು ಮೆದು, ಅದರಿಂದ ಕೊಯ್ದ ತುಂಡು ಬೇಡ. ನೆಲಕ್ಕೆ ತಾಗಿಸಬೇಡಿ, ಗೆದ್ದಲು ಬಿಡಲ್ಲ. ಚೌಕ ತೊಲೆ ಅಲ್ಲದಿದ್ದರೆ ಎತ್ತರದ ಬದಿ ನಿಲ್ಲಿಸಿಯೇ ಇಡಿ. 3x6 ಅನ್ನು ಮಲಗಿಸಿದರೆ ತಾಕತ್ತು ಅರ್ಧ, ಬಾಗದೆ ನಿಲ್ಲುವ ಬಿಗಿ ಕಾಲು ಭಾಗ ಮಾತ್ರ. ಬಡಗಿಗಳು ಕೆಲವರು ಕೂರಿಸಲು ಸುಲಭ ಅಂತ ಮಲಗಿಸಿಬಿಡುತ್ತಾರೆ, ಅಲ್ಲೇ ನಿಂತು ನೋಡಿ.

ಇನ್ನೊಬ್ಬ ಸದಸ್ಯರು: ನಮ್ಮ ಅಟ್ಟದ್ದು 9 ಅಡಿ ಜಂತೆ. ಆದರೂ ನಡುವೆ ಒಂದು ಮುರೀತು. ಯಾಕೆ?

ಉತ್ತರ: ಕಾಯಿ ಎತ್ತುವ ಕಿಂಡಿ ನಡುವೆ ಇದೆಯಾ? ಎತ್ತಿದವರು ಅಲ್ಲೇ ಗುಡ್ಡೆ ಹಾಕುತ್ತಾರೆ. ಅಷ್ಟೇ ತೂಕ ನಡುವೆ ಒಂದೇ ಕಡೆ ಬಿದ್ದರೆ ಜಂತೆಗೆ ಎರಡರಷ್ಟು ಎಳೆತ. ಗೋಡೆಯ ಕಡೆಯಿಂದ ಹರಡುತ್ತಾ ಬನ್ನಿ. ಆಮೇಲೆ ಉಳಿದ ಜಂತೆಗಳ ತುದಿಗೆ, ಗೋಡೆಯೊಳಗೆ ಹೋಗುವಲ್ಲಿ, ಸ್ಕ್ರೂ ಡ್ರೈವರ್ ಚುಚ್ಚಿ ನೋಡಿ. ಸಲೀಸಾಗಿ ಇಳಿದರೆ ಒಳಗೆ ಕೊಳೆತಿದೆ ಅಂತ. ಗೋಡೆಯ ಮೇಲೆ ಕನಿಷ್ಠ 3 ಇಂಚು ಗಟ್ಟಿ ಮರ ಕೂತಿರಬೇಕು. ಇಲ್ಲದಿದ್ದರೆ ಈ ಸಲ ಕಾಯಿ ಕೆಳಗೇ ಇಡಿ.