ಹೊಳೆಯುವ ಬ್ಯಾಕ್ಟೀರಿಯಾದ ಪ್ಲೇಟ್ ಊರಿಗೆ ಒಯ್ಯಬಹುದಾ?

ಧಾರವಾಡದ ಹುಡುಗಿ, ಪುಣೆ:
ಎಲ್ಲರಿಗೂ ನಮಸ್ಕಾರ. ಪುಣೆಯಲ್ಲಿ ಎಂ.ಎಸ್ಸಿ. ಬಯೋಟೆಕ್ ಓದುತ್ತಿದ್ದೇನೆ. ಪ್ರಾಜೆಕ್ಟ್ ಈಗ ಶುರುವಾಗಬೇಕು. ಇ. ಕೋಲೈ ಅನ್ನುವ ಬ್ಯಾಕ್ಟೀರಿಯಾದ ಡಿಎಚ್5 ಆಲ್ಫಾ ತಳಿಗೆ ಜಿಎಫ್‌ಪಿ (ಹಸಿರಾಗಿ ಹೊಳೆಯುವ ಪ್ರೋಟೀನ್) ಜೀನ್ ಇರುವ ಪ್ಲಾಸ್ಮಿಡ್ (ಡಿಎನ್‌ಎಯ ಸಣ್ಣ ಉಂಗುರ) ಹಾಕುವುದು, ಯುವಿ ಬೆಳಕು ಬಿದ್ದರೆ ಪ್ಲೇಟ್‌ನಲ್ಲಿ ಬೆಳೆದ ಕಾಲೊನಿಗಳು, ಅಂದರೆ ಬ್ಯಾಕ್ಟೀರಿಯಾ ಗುಂಪುಗಳು, ಹಸಿರಾಗಿ ಹೊಳೆಯುತ್ತವೆ. ಸೀನಿಯರ್ ಒಬ್ಬರು, ಅದು ಏನೂ ಮಾಡಲ್ಲ, ಗ್ಲೌಸ್ ಕೂಡ ಬೇಡ ಅನ್ನುತ್ತಾರೆ. ಅಮ್ಮನಿಗೆ ಪುಣೆಯ ಲ್ಯಾಬ್ ಅಂದರೆ ಟಿವಿಯಲ್ಲಿ ಕೇಳಿದ ಎನ್‌ಐವಿಯೇ (ರಾಷ್ಟ್ರೀಯ ವೈರಾಣು ಸಂಸ್ಥೆ) ನೆನಪಾಗುತ್ತದೆ, ದಿನಾ ಫೋನ್ ಮಾಡಿ ಹುಷಾರು ಅನ್ನುತ್ತಾರೆ. ಯಾರ ಮಾತು ಸರಿ? ಇನ್ನೊಂದು, ದೀಪಾವಳಿಗೆ ಊರಿಗೆ ಹೋಗುವಾಗ ಒಂದು ಪ್ಲೇಟ್‌ಗೆ ಪ್ಯಾರಾಫಿಲ್ಮ್ (ಮುಚ್ಚಳ ಬಿಗಿ ಮಾಡುವ ಪಟ್ಟಿ) ಸುತ್ತಿ ಒಯ್ದು ತಮ್ಮನಿಗೆ ತೋರಿಸಬಹುದಾ?

ಪಾಷಾಣ್ ರೋಡ್:
ಪ್ಲೇಟ್ ಒಯ್ಯಬೇಡಮ್ಮ, ಅದೊಂದು ಖಂಡಿತ ಬೇಡ. ಅಮ್ಮನಿಗೆ ಮಾತ್ರ ಧೈರ್ಯವಾಗಿ ಹೇಳು. ಬಿಎಸ್‌ಎಲ್ ಅಂದರೆ ಲ್ಯಾಬ್‌ನ ಜೈವಿಕ ಸುರಕ್ಷತಾ ಹಂತ. ಎನ್‌ಐವಿಯಲ್ಲಿರುವುದು ಬಿಎಸ್‌ಎಲ್-4, ಅತಿ ಅಪಾಯದ ವೈರಸ್‌ಗಳಿಗೆ. ನಿನ್ನದು ಬಿಎಸ್‌ಎಲ್-1, ಎಲ್ಲಕ್ಕಿಂತ ಕೆಳಗಿನ ಹಂತ. ಡಿಎಚ್5 ಆಲ್ಫಾ ಕೆ-12 ವಂಶದ್ದು. ಕೆ-12 ಅನ್ನು 1922ರಲ್ಲಿ ಒಬ್ಬ ರೋಗಿಯ ಮಲದಿಂದ ತೆಗೆದರು. ಅಲ್ಲಿಂದ ಲ್ಯಾಬ್‌ನಲ್ಲೇ ಬೆಳೆದು ಬೆಳೆದು ಈಗ ಅದಕ್ಕೆ ನಮ್ಮ ಕರುಳಿನಲ್ಲಿ ನೆಲೆ ನಿಲ್ಲುವ ತಾಕತ್ತು ಇಲ್ಲ ಅಂತಲೇ ಹೇಳಬಹುದು.

ಹಾಗಾದರೆ ಸೀನಿಯರ್ ಹೇಳಿದ್ದು ಸರಿಯಾ? ಅರ್ಧ ಮಾತ್ರ. ಬ್ಯಾಕ್ಟೀರಿಯಾ ಸಾಧು, ಆದರೆ ಅದರೊಳಗಿನ ಪ್ಲಾಸ್ಮಿಡ್‌ನಲ್ಲಿ ಜಿಎಫ್‌ಪಿ ಜೊತೆ ಆಂಪಿಸಿಲಿನ್ ಅನ್ನುವ ಆಂಟಿಬಯೋಟಿಕ್ ತಡೆದುಕೊಳ್ಳುವ ಜೀನೂ ಇರುತ್ತದೆ ಅಲ್ವಾ, ಅದು ಸಿಂಕಿನಿಂದ ಗಟಾರಕ್ಕೆ ಹೋಗಿ ಅಲ್ಲಿನ ಬೇರೆ ಬ್ಯಾಕ್ಟೀರಿಯಾಗಳ ಕೈಗೆ ಸಿಗಬಾರದು. ಆ ಸಾಧ್ಯತೆ ಸಣ್ಣದು, ಆದರೂ ಸುಮ್ನೆ ಯಾಕೆ ದಾರಿ ಮಾಡಿಕೊಡಬೇಕು? ಇದಕ್ಕೆ ಕಾನೂನೇ ಇದೆ, ಪರಿಸರ ಸಂರಕ್ಷಣಾ ಕಾಯ್ದೆಯಡಿ 1989ರಲ್ಲಿ ಬಂದ ನಿಯಮಗಳು. ಇಂಥ ಕೆಲಸ ಮಾಡುವ ಪ್ರತಿ ಸಂಸ್ಥೆಯಲ್ಲೂ ಜೈವಿಕ ಸುರಕ್ಷತಾ ಸಮಿತಿ ಇರಬೇಕು. ನಿನ್ನ ಪ್ರಾಜೆಕ್ಟ್ ಅದರ ಗಮನಕ್ಕೆ ಬಂದಿದೆಯಾ ಅಂತ ಗೈಡ್‌ನ ಕೇಳು.

ಗ್ಲೌಸ್ ಹಾಕು. ಆದರೆ ಗ್ಲೌಸ್ ಹಾಕಿದ ಕೈಯಲ್ಲೇ ಮೊಬೈಲ್ ಎತ್ತುವುದು, ಫ್ರಿಜ್ ಬಾಗಿಲು ತೆಗೆಯುವುದು, ಮೂಗಿನ ಮೇಲೆ ಜಾರಿದ ಕನ್ನಡಕ ಸರಿಮಾಡುವುದು, ಇದು ಎಲ್ಲಾ ಲ್ಯಾಬ್‌ಗಳಲ್ಲೂ ನಡೆಯುತ್ತದೆ. ಹಾಗೆ ಮಾಡುವುದಾದರೆ ಗ್ಲೌಸ್ ಹಾಕಿಯೂ ಉಪಯೋಗವಿಲ್ಲ. ಹೊರಗೆ ಹೋಗುವ ಮುಂಚೆ ಗ್ಲೌಸ್ ತೆಗೆದು ಸೋಪು ಹಾಕಿ ಕೈ ತೊಳೆಯುವುದು ಎಲ್ಲಕ್ಕಿಂತ ಮುಖ್ಯ.

ಪರೇಲ್‌ನಿಂದ:
ಮುಂಬೈಯ ಒಂದು ಲ್ಯಾಬ್‌ನ ಆಟೋಕ್ಲೇವ್ (ಒತ್ತಡದ ಹಬೆಯಲ್ಲಿ ಕ್ರಿಮಿ ಕೊಲ್ಲುವ ಯಂತ್ರ) ನನ್ನ ಜವಾಬ್ದಾರಿ. ಕಸದ ಬಗ್ಗೆ ಹೇಳಲೇಬೇಕು, ಜನ ಎಡವುವುದು ಅಲ್ಲೇ. ಬ್ಯಾಗ್ ಮೇಲಿನ ಟೇಪ್‌ನಲ್ಲಿ ಕಪ್ಪು ಗೆರೆ ಮೂಡಿದರೆ ಎಲ್ಲಾ ಸತ್ತಿತು ಅಂದುಕೊಳ್ಳುತ್ತಾರೆ. ಗೆರೆ ಹೇಳುವುದು ಹೊರಗೆ ಬಿಸಿ ತಾಗಿತು ಅಂತ ಅಷ್ಟೇ. ಬ್ಯಾಗಿನ ಬಾಯಿ ಬಿಗಿಯಾಗಿ ಕಟ್ಟಿದರೆ ಹಬೆ ಒಳಗೆ ಹೋಗುವುದೇ ಇಲ್ಲ, ನಡುವಿನ ಪ್ಲೇಟ್‌ಗಳು ಹಾಗೇ ಉಳಿಯುತ್ತವೆ. ಬಾಯಿ ಸಡಿಲ ಬಿಡಿ, ಒಳಗೆ ಸ್ವಲ್ಪ ನೀರು ಹಾಕಿ, ಬ್ಯಾಗ್ ತುರುಕಿ ತುಂಬಬೇಡಿ. 121 ಡಿಗ್ರಿ, 15 ಪೌಂಡ್ ಒತ್ತಡ ಬಂದ ಮೇಲೆಯೇ ಟೈಮ್ ಲೆಕ್ಕ ಶುರು, ಮೀಡಿಯಾಗೆ (ಬ್ಯಾಕ್ಟೀರಿಯಾ ಬೆಳೆಸುವ ಆಹಾರ) 15-20 ನಿಮಿಷ ಸಾಕು, ಕಸಕ್ಕೆ ಅದಕ್ಕಿಂತ ಜಾಸ್ತಿ ಬೇಕು. ನಡುವೆ ಕರೆಂಟ್ ಹೋದರೆ, ಮಳೆಗಾಲದಲ್ಲಿ ಹೋಗುತ್ತದೆ, ಮತ್ತೆ ಮೊದಲಿಂದ. ನಿಜಕ್ಕೂ ಸತ್ತಿವೆಯಾ ಅಂತ ನೋಡಲು ಜಿಯೋಬ್ಯಾಸಿಲಸ್ ಅನ್ನುವ, ಬಿಸಿಗೆ ಸುಲಭವಾಗಿ ಸಾಯದ ಬ್ಯಾಕ್ಟೀರಿಯಾದ ಬೀಜಕಗಳ ಸ್ಟ್ರಿಪ್ ಸಿಗುತ್ತದೆ, ಅದನ್ನು ಆಗಾಗ ಬ್ಯಾಗಿನ ನಡುವೆ ಇಟ್ಟು ಪರೀಕ್ಷಿಸಬೇಕು.

ಫ್ಲಾಸ್ಕ್‌ನ ಕಲ್ಚರ್‌ಗೆ (ದ್ರವದಲ್ಲಿ ಬೆಳೆಸಿದ ಬ್ಯಾಕ್ಟೀರಿಯಾ) ಬ್ಲೀಚ್ ಹಾಕಿ ಅರ್ಧ ಗಂಟೆ ಬಿಟ್ಟು ಚೆಲ್ಲುವುದೂ ಸರಿಯೇ, ಬ್ಲೀಚ್ ಅವತ್ತೇ ಕಲಸಿದ್ದಿರಲಿ. ಆದರೆ ಬ್ಲೀಚ್ ಹಾಕಿದ್ದನ್ನು ದಯವಿಟ್ಟು ಆಟೋಕ್ಲೇವ್‌ಗೆ ಇಡಬೇಡಿ, ವಿಷದ ಕ್ಲೋರಿನ್ ಹೊಗೆ ಏಳುತ್ತದೆ. ಎರಡರಲ್ಲಿ ಒಂದು.

ಧಾರವಾಡದ ಹುಡುಗಿ, ಪುಣೆ:
ತುಂಬಾ ಥ್ಯಾಂಕ್ಸ್. ಪ್ಲೇಟ್ ಒಯ್ಯಲ್ಲ. ಆಂಪಿಸಿಲಿನ್ ಮಾತು ಬಂದಿದ್ದಕ್ಕೆ ಕೇಳುತ್ತಿದ್ದೇನೆ, ನನಗೆ ಪೆನಿಸಿಲಿನ್ ಆಗಿಬರಲ್ಲ. ಚಿಕ್ಕವಳಿದ್ದಾಗ ಇಂಜೆಕ್ಷನ್ ಕೊಟ್ಟು ಮೈಯೆಲ್ಲಾ ದದ್ದು ಎದ್ದಿತ್ತಂತೆ. ಪ್ಲೇಟ್‌ಗೆ ಹಾಕುವ ಆಂಪಿಸಿಲಿನ್ ಪುಡಿಯನ್ನು ಲ್ಯಾಮಿನಾರ್ (ಶುದ್ಧ ಗಾಳಿ ಊದುವ ಕ್ಯಾಬಿನೆಟ್) ಮುಂದೆ ಕೂತು ತೂಕ ಮಾಡಿದರೆ ನಡೆಯುತ್ತಾ?

ಮಡಗಾಂವ್‌ನವನು:
ಅಕ್ಕಾ, ನಿಲ್ಲಿ! ಆಂಪಿಸಿಲಿನ್ ಪೆನಿಸಿಲಿನ್‌ನ ಗುಂಪಿನದೇ. ನಿಮಗೆ ಬ್ಯಾಕ್ಟೀರಿಯಾಗಿಂತ ಆ ಡಬ್ಬಿಯ ಬಿಳಿ ಪುಡಿಯೇ ದೊಡ್ಡ ಅಪಾಯ, ಉಸಿರಲ್ಲಿ ಒಳಗೆ ಹೋದರೂ ಕಷ್ಟ. ಲ್ಯಾಮಿನಾರ್‌ನಲ್ಲಂತೂ ಬೇಡವೇ ಬೇಡ. ಸಾಮಾನ್ಯ ಲ್ಯಾಮಿನಾರ್ ಫಿಲ್ಟರ್ ಮಾಡಿದ ಗಾಳಿಯನ್ನು ನಿಮ್ಮ ಮುಖದ ಕಡೆಗೇ ಊದುತ್ತದೆ. ಅದು ಕಾಪಾಡುವುದು ಪ್ಲೇಟನ್ನು, ಕೂತವರನ್ನಲ್ಲ. ಕೂತವರನ್ನೂ ಕಾಪಾಡುವುದು ಬಯೋಸೇಫ್ಟಿ ಕ್ಯಾಬಿನೆಟ್. ನೋಡಲು ಎರಡೂ ಒಂದೇ ಥರ ಇರುತ್ತವೆ, ಅದಕ್ಕೇ ಗೊಂದಲ.

ನಾಳೆಯೇ ಗೈಡ್‌ಗೆ ತಿಳಿಸಿ, ಬಾಯಿಮಾತಲ್ಲಿ ಅಲ್ಲ, ಮೇಲ್ ಮಾಡಿ. ಕ್ಯಾನಮೈಸಿನ್ ಅನ್ನುವ ಬೇರೆ ಆಂಟಿಬಯೋಟಿಕ್ ತಡೆದುಕೊಳ್ಳುವ ಜೀನ್ ಇರುವ ಪ್ಲಾಸ್ಮಿಡ್‌ನಲ್ಲೂ ಇದೇ ಪ್ರಯೋಗ ಮಾಡಬಹುದು, ಕ್ಯಾನಮೈಸಿನ್ ಪೆನಿಸಿಲಿನ್ ಗುಂಪಿನದಲ್ಲ. ಆದರೂ ಪಕ್ಕದ ಬೆಂಚಿನಲ್ಲಿ ಬೇರೆಯವರು ಆಂಪಿಸಿಲಿನ್ ತೂಗುತ್ತಿರುತ್ತಾರೆ, ಅವರಿಗೂ ಹೇಳಿರಿ. ಯುವಿಯಲ್ಲಿ ಕಾಲೊನಿ ನೋಡುವಾಗ ಯುವಿ ತಡೆಯುವ ಫೇಸ್ ಶೀಲ್ಡ್ ಹಾಕಿ, ಬರಿಗಣ್ಣಲ್ಲಿ ಬೇಡ.

ಧಾರವಾಡದ ಹುಡುಗಿ, ಪುಣೆ:
ಗೈಡ್‌ಗೆ ಮೇಲ್ ಮಾಡಿದೆ. ಕ್ಯಾನಮೈಸಿನ್‌ನದು ಫ್ರೀಜರ್‌ನಲ್ಲೇ ಇದೆಯಂತೆ. ಪ್ಲಾಸ್ಮಿಡ್ ಬದಲಾದದ್ದನ್ನು ಸಮಿತಿಗೂ ತಿಳಿಸಬೇಕು, ಅಲ್ಲಿವರೆಗೆ ಕಾಯಿ ಅಂದಿದ್ದಾರೆ. ಆಂಪಿಸಿಲಿನ್ ಡಬ್ಬಿ ನನ್ನ ಬೆಂಚಿನಿಂದ ಬೇರೆ ಕೋಣೆಗೆ ಹೋಯಿತು.