ಕಾವಿಗೆ ಕೂತ ಹೇಂಟೆ ಸೊರಗುತ್ತಿದೆ, ಏನು ಮಾಡಲಿ?

ಪ್ರಶ್ನೆ, ಬ್ರಹ್ಮಾವರದಿಂದ:
ನಮ್ಮ ಕಪ್ಪು ಹೇಂಟೆ 11 ಮೊಟ್ಟೆಯ ಮೇಲೆ ಕೂತು ಇವತ್ತಿಗೆ 9 ದಿನ. ಕೊಟ್ಟಿಗೆ ಮೂಲೆಯಲ್ಲಿ ಹಳೇ ಬುಟ್ಟಿ, ಒಳಗೆ ಬೈಹುಲ್ಲು. ದಿನಕ್ಕೆ ಒಂದೇ ಸಲ ಏಳುತ್ತಾಳೆ. ನಾಲ್ಕು ಕಾಳು ನುಂಗಿ, ನೀರು ಕುಡಿದು ಓಡಿ ಬರುತ್ತಾಳೆ. ಹೊಟ್ಟೆಯ ಪುಕ್ಕ ಉದುರಿ ಚರ್ಮ ಕಾಣುತ್ತಿದೆ. ಎತ್ತಿದರೆ ಎದೆಮೂಳೆ ಕೈಗೆ ಸಿಗುತ್ತದೆ. ರೋಗ ಇರಬಹುದಾ? ಮಳೆ ಬೇರೆ ಬಿಡುತ್ತಿಲ್ಲ.

ಉತ್ತರ, ಕಾಪುವಿನಿಂದ:
ಹೆದರಬೇಡಿ ಅಕ್ಕ. ಮೈಬಿಸಿ ಮೊಟ್ಟೆಗೆ ನೇರ ತಾಗಲಿ ಅಂತಲೇ ಪುಕ್ಕ ಹೋಗುವುದು. 21 ದಿನದ ಕೆಲಸ ಅಲ್ವಾ, ತೂಕ ಸ್ವಲ್ಪ ಇಳಿಯುತ್ತದೆ. ಬುಟ್ಟಿ ಪಕ್ಕದಲ್ಲೇ ಜೋಳದ ನುಚ್ಚು, ನೀರು ಇಡಿ. ರಾತ್ರಿ ಮೊಟ್ಟೆಯ ಹಿಂದೆ ಟಾರ್ಚ್ ಹಿಡಿದು ನೋಡಿ. ಜೀವ ಇದ್ದರೆ ಜೇಡನ ಕಾಲಿನ ಹಾಗೆ ಕೆಂಪು ನರ ಕಾಣುತ್ತದೆ. ಬರೀ ಬೆಳಕು ದಾಟಿದರೆ ತೆಗೆದುಬಿಡಿ. ಅದು ಕೊಳೆತು ಒಡೆದರೆ ಉಳಿದವೂ ಹಾಳು.

ಉತ್ತರ, ಮೂಡುಬಿದಿರೆಯಿಂದ:
ರೆಕ್ಕೆ ಅಡಿಯಲ್ಲಿ ಹೇನು ಇದೆಯಾ ನೋಡಿ. ಹೋದ ಮಳೆಗಾಲ ನನ್ನ ಹೇಂಟೆ ಹೇನು ತಡೆಯಲಾರದೆ 15ನೇ ದಿನ ಎದ್ದು ಹೋದಳು. ಈಗಲೂ ಬೇಸರ. ಬೈಹುಲ್ಲು ಒದ್ದೆಯಾದರೆ ಬದಲಿಸಿ.

ಬ್ರಹ್ಮಾವರದಿಂದ:
ಹೇನು ಇಲ್ಲ. 9 ಮೊಟ್ಟೆಯಲ್ಲಿ ನರ ಕಂಡಿತು. ಒಂದರಲ್ಲಿ ಕಪ್ಪು ಚುಕ್ಕೆ ಅಲುಗಾಡಿತು ಮಾರಾಯ್ರೆ!